ಷಡ್ಡಕನ ನಾಲ್ಕು ದೀಪ, ನನ್ನ ಆರು

ಎದುರಿಗೆ ಬರುವ ಗಾಡಿಯ ನಂಬರು ನೋಡುವವರಿದ್ದಾರೆ, ಒಳಗೆ ಕೂತವರ ಮುಖ ನೋಡುವವರಿದ್ದಾರೆ. ನಾನು ತಲೆ ನೋಡುತ್ತೇನೆ. ಗಾಡಿಯ ತಲೆ. ಮೇಲೆ ಕ್ಯಾರಿಯರ್ ಇದೆಯೋ ಇಲ್ಲವೋ, ಇದ್ದರೆ ಅದರ ಮುಂದೆ ದೀಪ ಕೂಡಿಸಿದ್ದಾರೋ, ಕೂಡಿಸಿದ್ದರೆ ಎಷ್ಟು, ದುಂಡಗಿನವೋ ಉದ್ದನೆಯವೋ, ವೈರನ್ನು ಎಲ್ಲಿಂದ ಕೆಳಗೆ ಇಳಿಸಿದ್ದಾರೆ, ಇಷ್ಟೂ ಆ ಗಾಡಿ ನನ್ನನ್ನು ದಾಟುವುದರೊಳಗೆ ಲೆಕ್ಕವಾಗಿಬಿಡಬೇಕು. ಹುಮನಾಬಾದಿನ ಹೆದ್ದಾರಿಯ ಅಂಚಿಗೆ ಚಹಾ ಕುಡಿಯುತ್ತ ನಿಂತಾಗಲೂ ಇದೇ ಕೆಲಸ. "ಮತ್ತ ಮ್ಯಾಲ ನೋಡಾಕತ್ತೀರಿ ನೋಡ್ರಿ" ಎಂದು ನನ್ನ ಹೆಂಡತಿ ಶಾರದಾ ಪಕ್ಕೆಗೆ ತಿವಿಯುತ್ತಾಳೆ. ಮೊನ್ನೆ ಹೀಗೆ ತಿವಿದಾಗ ಅವಳ ಬಲ ಮುಂಗೈ ಮೇಲಿನ ಗಾಯದ ಗುರುತು ಕಣ್ಣಿಗೆ ಬಿತ್ತು. ಬಳೆ ಸರಿದಾಗ ಮಾತ್ರ ಕಾಣುವ, ಒಂದು ಬೆರಳುದ್ದದ ಗುರುತು. ಅದಕ್ಕೂ ನನ್ನ ಈ ಚಟಕ್ಕೂ ಸಂಬಂಧವಿದೆ. ಹೇಳಿಕೊಳ್ಳಲು ಹೆಮ್ಮೆಪಡುವಂಥ ಸಂಬಂಧವಲ್ಲ. ಆದರೂ ನಿಮ್ಮ ಮುಂದೆ ಮುಚ್ಚಿಡುವುದೇನಿದೆ?

ಎಲ್ಲ ಶುರುವಾದದ್ದು ನನ್ನ ಷಡ್ಡಕ ರೇವಣಸಿದ್ದಪ್ಪನಿಂದ. ಶಾರದಾಳ ತಂಗಿ ಮಹಾದೇವಿಯ ಗಂಡ. ಊರು ಬಸವಕಲ್ಯಾಣ, ನಮ್ಮ ಕಡೆಯವರಿಗೆ ಬರೀ ಕಲ್ಯಾಣ. ಅಲ್ಲಿ ಅವನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಅಣ್ಣತಮ್ಮಂದಿರ ನಡುವೆ ಹೊಟ್ಟೆಕಿಚ್ಚು ಹುಟ್ಟಬೇಕಾದರೆ ಹೊಲ ಬೇಕು, ನೆರೆಹೊರೆಯವರ ನಡುವೆ ಹುಟ್ಟಬೇಕಾದರೆ ಗೋಡೆ ಬೇಕು. ಷಡ್ಡಕರ ನಡುವೆ ಏನೂ ಬೇಡ. ಅತ್ತೆ ಇಬ್ಬರು ಅಳಿಯಂದಿರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಬಡಿಸುತ್ತಾಳೆ ನೋಡಿ, ಆಗ ಇಬ್ಬರ ಬಾಯಿ ತಮ್ಮ ತಮ್ಮ ಹೋಳಿಗೆಯ ಮೇಲಿದ್ದರೂ ಕಣ್ಣು ಮಾತ್ರ ಪಕ್ಕದ ತಾಟಿನ ತುಪ್ಪದ ಮೇಲೆ. ಇಬ್ಬರ ಕಣ್ಣು ಎಂದೆನೇ? ತಪ್ಪು. ನನ್ನ ಕಣ್ಣು. ರೇವಣಸಿದ್ದಪ್ಪ ತಲೆ ತಗ್ಗಿಸಿ ಹಾಯಾಗಿ ಉಣ್ಣುತ್ತಾನೆ. ಅದೂ ನನಗೆ ಆಗುವುದಿಲ್ಲ.

ನಾನು ಹುಡಗಿಯಲ್ಲಿ ವಿಜ್ಞಾನದ ಮಾಸ್ತರ. ಹುಡಗಿ ನಮ್ಮ ಪಕ್ಕದ ಹಳ್ಳಿಯ ಹೆಸರು. ದಕ್ಷಿಣದ ಕಡೆಯ ಗೆಳೆಯನೊಬ್ಬನಿಗೆ ಫೋನಿನಲ್ಲಿ "ದಿನಾ ಮುಂಜಾನೆ ಹುಡಗಿಗೆ ಹೋಗಿ ಸಂಜೆ ಮನೆಗೆ ಬರುತ್ತೇನೆ" ಎಂದಾಗ ಅವನು ದನಿ ತಗ್ಗಿಸಿ "ಮನೆಯಲ್ಲಿ ಗೊತ್ತಿದೆಯಾ?" ಎಂದು ಕೇಳಿದ್ದ. ನನ್ನ ಬದುಕಿನಲ್ಲಿ ಬೇರೆಯವರಿಗೆ ಮತ್ಸರ ಹುಟ್ಟಿಸಿದ ಸಂಗತಿ ಬಹುಶಃ ಅದೊಂದೇ.

ನನ್ನಲ್ಲಿಯೂ ರೇವಣಸಿದ್ದಪ್ಪನಲ್ಲಿಯೂ ಇದ್ದದ್ದು ಒಂದೇ ಮಾದರಿಯ ಗಾಡಿ. ಜೀಪಿನ ಜಾತಿಯ, ಒಂಬತ್ತು ಮಂದಿ ಕೂಡುವ ಹಳೆಯ ಗಾಡಿ. ನನ್ನದು ಬಿಳಿ, ಅವನದು ನೀಲಿ. ಒಂದೇ ಆಗಿದ್ದರಿಂದ ಎಷ್ಟೋ ವರ್ಷ ಆ ವಿಷಯದಲ್ಲಾದರೂ ಶಾಂತಿಯಿತ್ತು. ಹೋದ ವರ್ಷ ಕಾರ ಹುಣ್ಣಿಮೆಯ ಮರುದಿನ ಸಂಜೆ ಅವನು ಹುಮನಾಬಾದಿಗೆ ನಮ್ಮ ಮನೆಗೆ ಬಂದ. ಗಾಡಿ ಓಣಿಯ ತಿರುವಿನಲ್ಲಿ ಬಂದಾಗಲೇ ನನ್ನ ಕಣ್ಣು ಅದರ ತಲೆಗೆ ಹೋಯಿತು. ಮೇಲೆ ಕ್ಯಾರಿಯರ್ ಮೊದಲಿನಿಂದಲೂ ಇತ್ತು, ಪೈಪು ಒಯ್ಯಲು. ಈಗ ಅದರ ಮುಂದಿನ ಅಂಚಿಗೆ ಸಾಲಾಗಿ ನಾಲ್ಕು ದೀಪ ಕೂತಿದ್ದವು. ಕರಿಯ ಚೌಕಟ್ಟು, ದುಂಡು ಮುಖ, ಮೇಲೆ ಕರಿಯ ಮುಚ್ಚಳ.

"ಹೊಲದ ದಾರ್ಯಾಗ ಮೋಟಾರು ಇಳಸಾಕ ಹೋಗ್ತೀನಲ್ರಿ ಅಣ್ಣಾ, ಕತ್ತಲಾಗ ತಗ್ಗು-ದಿನ್ನಿ ಕಾಣೂದಿಲ್ಲ. ಅದಕ್ಕ ಕೂಡಸೀನಿ" ಎಂದ ಅವನು.

"ಯಾರ ಕಡಿಂದ ಮಾಡಸಿದಿ?"

"ಯಾರ ಕಡಿಂದ ಯಾಕ್ರಿ? ನಾನೇ ಮಾಡೀನಿ. ಎರಡು ಐತವಾರ ಹಿಡೀತು."

ಓಣಿಯ ಮಂದಿ ನೆರೆದರು. ಅವನು ಮುಚ್ಚಳ ತೆಗೆದು ದೀಪ ಹಚ್ಚಿದ. ನಮ್ಮ ಮನೆ, ಎದುರು ಮನೆ, ಎದುರು ಮನೆಯ ಮಾಳಿಗೆಯ ಮೇಲೆ ಒಣಹಾಕಿದ್ದ ಲುಂಗಿ, ಅದರಾಚೆಯ ಬೇವಿನ ಗಿಡದ ಎಲೆ ಎಲೆಯೂ ಬೆಳ್ಳಗೆ ಬೆಳಗಿದವು. ಶಾರದಾ ಬಾಗಿಲಲ್ಲಿ ನಿಂತು ಸೆರಗನ್ನು ಹಣೆಗೆ ಅಡ್ಡ ಹಿಡಿದು ಹೇಳಿದಳು: "ಅಯ್ಯ, ಎಷ್ಟ್ ಚಂದ ಕಾಣಸ್ತದ!"

ಮದುವೆಯಾಗಿ ಹದಿನಾಲ್ಕು ವರ್ಷ. ನನ್ನ ಗಾಡಿಯನ್ನು ನಾನು ತೊಳೆದಿದ್ದೇನೆ, ಒರೆಸಿದ್ದೇನೆ, ಹೊಸ ಸೀಟಿನ ಹೊದಿಕೆ ಹಾಕಿಸಿದ್ದೇನೆ. ಒಂದು ದಿನವೂ ಅವಳು ಚಂದ ಅನ್ನಲಿಲ್ಲ. ಆ ಒಂದು ಮಾತು ನನ್ನೊಳಗೆ ಹುಣಸೆಬೀಜದ ಹಾಗೆ ಸಿಕ್ಕಿಕೊಂಡಿತು. ಉಗುಳಲೂ ಆಗದು, ನುಂಗಲೂ ಆಗದು.

ಬೆಳಕಿನ ವಿಷಯಕ್ಕೆ ನನ್ನ ಹೊಟ್ಟೆ ಉರಿಯುವುದು ಹೊಸದಲ್ಲ. ನಾನು ಬೆಳೆದದ್ದು ಮಾಣಿಕನಗರದಲ್ಲಿ. ಅಪ್ಪನದು ಕಾಯಿ-ಕರ್ಪೂರದ ಪುಟ್ಟ ಅಂಗಡಿ. ನನ್ನ ಗೆಳೆಯ ಸಂಗಮೇಶನ ಮನೆಯಲ್ಲಿ ಐದು ಶೆಲ್ಲಿನ ಬ್ಯಾಟರಿ ಇತ್ತು. ಟಾರ್ಚಿಗೆ ನಾವು ಬ್ಯಾಟರಿ ಎಂದೇ ಅನ್ನುವುದು. ನಮ್ಮ ಮನೆಯದು ಎರಡೇ ಶೆಲ್ಲಿನದು. ಅದೂ ಶೆಲ್ಲು ಸೋತಾಗ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟು, ಮಧ್ಯಾಹ್ನ ಹೋಗಿ ಹೋಗಿ ಹೊರಳಿಸಿ, ಹಪ್ಪಳದ ಹಾಗೆ ಕಾಯಿಸಿ ಮತ್ತೆ ತುಂಬುತ್ತಿದ್ದೆವು. ಸಂಗಮೇಶ ತನ್ನ ಬ್ಯಾಟರಿಯನ್ನು ಹುಣಸೆ ಗಿಡದತ್ತ ಬಿಟ್ಟರೆ ಜೋತುಬಿದ್ದ ಬಾವಲಿಗಳ ಕಣ್ಣು ಕೂಡ ಎಣಿಸಬಹುದಿತ್ತು. ನನ್ನ ಬ್ಯಾಟರಿಯ ಬೆಳಕು ಗಿಡದ ಬುಡದವರೆಗೂ ಮುಟ್ಟದೆ ದಾರಿಯಲ್ಲೇ ದಣಿದು ಕೂಡುತ್ತಿತ್ತು. ಒಂದು ದಿನ ಅವನು ನೀರು ಕುಡಿಯಲು ಒಳಗೆ ಹೋದಾಗ ನಾನು ಅವನ ಬ್ಯಾಟರಿ ಬಿಚ್ಚಿ, ಎರಡು ಶೆಲ್ಲುಗಳ ನಡುವೆ ಒಂದು ಬೇವಿನ ಎಲೆ ಇಟ್ಟು ತಿರುಗಿಸಿಬಿಟ್ಟೆ. ಹೊತ್ತಲಿಲ್ಲ. ಅವನು ಅಪ್ಪನ ಏಟಿಗೆ ಹೆದರಿ ಅಳುತ್ತ ಕೂತ. ನಾನು ನನ್ನ ಎರಡು ಶೆಲ್ಲಿನ ಬೆಳಕಿನಲ್ಲಿ ಅವನನ್ನು ಮನೆ ಮುಟ್ಟಿಸಿದೆ. ಅವನ ಅವ್ವ ನನ್ನ ಕೈಗೆ ಬೆಲ್ಲ ಕೊಟ್ಟಳು. ತಿಂದೆ. ಆ ಬೆಲ್ಲದ ರುಚಿ ಇವತ್ತಿಗೂ ನೆನಪಿದೆ ಎಂದರೆ ನಾನೆಂಥ ಮನುಷ್ಯ ಎಂಬುದು ನಿಮಗೆ ತಿಳಿದೀತು.

ಅಂಥ ಮನುಷ್ಯ ಷಡ್ಡಕನ ನಾಲ್ಕು ದೀಪ ನೋಡಿ ಸುಮ್ಮನಿದ್ದಾನೆಯೇ? ಮುಂದಿನ ವಾರವೇ ನಾನು ಮಹಬೂಬ್ ಭಾಯಿಯ ಅಂಗಡಿಯಲ್ಲಿದ್ದೆ. ಗಾಡಿಗಳ ಕರೆಂಟಿನ ಕೆಲಸಕ್ಕೆ ಹುಮನಾಬಾದಿನಲ್ಲಿ ಅವನದು ಎತ್ತಿದ ಕೈ. ಹೆದ್ದಾರಿಯ ಲಾರಿಗಳೆಲ್ಲ ಅವನ ಮುಂದೆ ಬಾನೆಟ್ ತೆರೆದು ನಿಲ್ಲುತ್ತವೆ.

"ಆರು ದೀಪ ಕೂಡಸಬೇಕು" ಎಂದೆ.

"ಆರು?" ಭಾಯಿ ಬಾಯಲ್ಲಿದ್ದ ವೈರಿನ ತುಂಡು ತೆಗೆದ. "ಮಾಸ್ತರ್ ಸಾಬ್, ನೀವು ಹುಡಗಿಗಿ ಹೋಗಿ ಬರೋರು. ಆರು ಯಾಕ್ರಿ? ಎರಡು ಸಾಕು."

"ನಾಲ್ಕಕ್ಕಿಂತ ಹೆಚ್ಚು ಬೇಕು."

ಭಾಯಿ ನನ್ನನ್ನೇ ಒಂದು ಗಳಿಗೆ ನೋಡಿದ. ಏನೋ ಅರ್ಥವಾಗಿರಬೇಕು. ಕೇಳಲಿಲ್ಲ. ಹೊಸ ಮಾದರಿಯ ಎಲ್‌ಇಡಿ ತೋರಿಸಿದ: ಕಡಿಮೆ ಕರೆಂಟು, ಹೆಚ್ಚು ಬೆಳಕು. ನನಗೆ ಹಿಡಿಸಲಿಲ್ಲ, ಸಣ್ಣಗೆ ಕಂಡವು. ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಹಳೇ ಮಾದರಿಯ ಹ್ಯಾಲೊಜನ್ ದೀಪಗಳನ್ನು ಆರಿಸಿದೆ. ಒಂದೊಂದೂ ಊಟದ ತಾಟಿನಷ್ಟು ಅಗಲ. ಕರೆಂಟು ಹೆಚ್ಚು ತಿನ್ನುತ್ತವೆ ಎಂದ ಭಾಯಿ. ತಿನ್ನಲಿ ಎಂದೆ.

"ಹಂಗಾದ್ರ ರಿಲೇ ಹಾಕಲೇಬೇಕ್ರಿ. ದಪ್ಪ ವೈರು, ಬ್ಯಾಟ್ರಿಯಿಂದ ಸೀದಾ. ಫ್ಯೂಜ್ ಬೇರೆ" ಎಂದು ಭಾಯಿ ಒಂದು ಕರಿಯ ಡಬ್ಬಿ ತೋರಿಸಿದ. ಬೆಂಕಿಪೊಟ್ಟಣಕ್ಕಿಂತ ಸಣ್ಣದು.

"ರಿಲೇ ಅಂದ್ರ ಏನಂತ ನನಗ ಗೊತ್ತದ. ನಾನು ಸಾಲ್ಯಾಗ ಅದೇ ಪಾಠ ಹೇಳ್ತೀನಿ."

"ಪಾಠದಾಗ ಬ್ಯಾರೆ, ಗಾಡ್ಯಾಗ ಬ್ಯಾರೆ, ಸಾಬ್. ಆಫೀಸಿನ್ಯಾಗ ಸಾಹೇಬ್ರು ಬರೀ ಸೈ ಮಾಡ್ತಾರ, ಚೀಲ ಹೊರಾವ ಹಮಾಲ. ಸ್ವಿಚ್ಚು ಸಾಹೇಬ್ರು, ರಿಲೇ ಹಮಾಲ. ಸಾಹೇಬ್ರ ತಲಿ ಮ್ಯಾಲೇ ಚೀಲ ಇಟ್ಟಿರಂದ್ರ ಸಾಹೇಬ್ರು ಮಲಗಿಬಿಡ್ತಾರ. ಗಾಡಿ ಇಲ್ಲೇ ಬಿಡ್ರಿ, ಎರಡು ದಿನದಾಗ ಮಾಡಿ ಕೊಡ್ತೀನಿ."

ಎಷ್ಟು ಚೆನ್ನಾಗಿ ಹೇಳಿದ! ನನ್ನ ವಿದ್ಯಾರ್ಥಿಗಳಿಗೆ ನಾನು ಇಷ್ಟು ಸಲೀಸಾಗಿ ಒಂದು ದಿನವೂ ಹೇಳಿಲ್ಲ. ಅದಕ್ಕೇ ಸಿಟ್ಟು ಬಂತು. ಅದೂ ಅಲ್ಲದೆ, ರೇವಣಸಿದ್ದಪ್ಪ ತಾನೇ ಕೈಯಾರೆ ಮಾಡಿದ್ದಾನೆ. ನಾನು ಅಂಗಡಿಯಲ್ಲಿ ಮಾಡಿಸಿದರೆ ಆರಿದ್ದೂ ನಾಲ್ಕಕ್ಕೆ ಸೋತ ಹಾಗೆ. ದೀಪ, ಕ್ಯಾರಿಯರ್, ವೈರು ಕಟ್ಟಿಸಿಕೊಂಡು ಮನೆಗೆ ಬಂದೆ. ರಿಲೇ ತರಲಿಲ್ಲ.

ಐತವಾರ ಅಂಗಳದಲ್ಲಿ ಕೆಲಸ ಶುರು. ಕ್ಯಾರಿಯರಿನ ಕಾಲುಗಳನ್ನು ಗಾಡಿಯ ಮೇಲಂಚಿನ ಮಳೆನೀರಿನ ಕಾಲುವೆಗೆ ಕ್ಲಾಂಪಿನಿಂದ ಬಿಗಿದೆ. ದೀಪಗಳನ್ನು ಸಾಲಾಗಿ ಕೂಡಿಸಿ ಬೋಲ್ಟು ತಿರುಗಿಸಿದೆ. ಹೇಳಲು ಒಂದು ಸಾಲು, ಮಾಡಲು ಇಡೀ ದಿನ. ಶಾರದಾ ಸ್ಟೂಲು ಹಿಡಿದು ನಿಂತಿದ್ದಳು.

"ಅಲ್ರಿ, ಒಂದು ಮಾತು ಕೇಳಲೇನು?"

"ಕೇಳು."

"ಸಾಲಿಗಿ ಹೋಗೂದು ಹಗಲಿನ್ಯಾಗ. ಬರೂದು ಹಗಲಿನ್ಯಾಗ. ಡಾಂಬರ ರಸ್ತಾ. ಈ ದೀಪ ಎಲ್ಲಿಗಿ?"

"ಹೊಲದ ದಾರಿಗಿ."

"ನಮಗ ಹೊಲ ಎಲ್ಲದ?"

"ನಿಮ್ಮವ್ವನ ಹೊಲ ಇಲ್ಲೇನು?" ಎಂದೆ. ಬಾಯಿಗೆ ಬಂದದ್ದು ಹೇಳಿದ್ದಷ್ಟೇ.

ವೈರನ್ನು ಗಾಜಿನ ಪಕ್ಕದ ಕಂಬದ ಗುಂಟ ಇಳಿಸಿ, ಬ್ಯಾಟರಿಯವರೆಗೆ ಒಯ್ಯುವ ತ್ರಾಸು ಯಾಕೆಂದು ಹೆಡ್‌ಲೈಟಿನ ವೈರಿಗೇ ಜೋಡಿಸಿದೆ. ಸ್ವಿಚ್ಚು ಒತ್ತಿದರೆ ಫ್ಯೂಜು ಹಾರಿತು. ಇನ್ನೊಂದು ಹಾಕಿದೆ, ಅದೂ ಹಾರಿತು. ಆಗ ನಾನು, ಓಮನ ನಿಯಮವನ್ನು ಇಪ್ಪತ್ತು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದ ಮನುಷ್ಯ, ಫ್ಯೂಜಿನ ಜಾಗದಲ್ಲಿ ತಾಮ್ರದ ತಂತಿಯ ನಾಲ್ಕು ಎಳೆ ಹುರಿಮಾಡಿ ಸುತ್ತಿದೆ. ಅದು ಹಾರಲಿಲ್ಲ. ಆರೂ ದೀಪ ಹೊತ್ತಿದವು. ಓಣಿ ಬೆಳಗಿತು. ನಾನು ಶಾರದಾಳ ಬಾಯಿಯನ್ನೇ ನೋಡುತ್ತ ನಿಂತೆ. ಅವಳು "ಆತಲ್ಲ, ಇನ್ನ ಉಣ್ಣಾಕ ಬರ್ರಿ" ಎಂದು ಸ್ಟೂಲು ತೆಗೆದುಕೊಂಡು ಒಳಗೆ ಹೋದಳು.

ಪರವಾಗಿಲ್ಲ, ನೋಡಬೇಕಾದವರು ಕಲ್ಯಾಣದಲ್ಲಿದ್ದರು. ಮರುವಾರ ಹೊರಟೆವು. ಊರು ದಾಟಿ ಗಾಡಿ ವೇಗ ಹಿಡಿದದ್ದೇ ತಲೆಯ ಮೇಲೆ ಸಣ್ಣಗೆ ಶಿಳ್ಳೆ ಶುರುವಾಯಿತು. ಶಾರದಾ ಹಿಂದೆ ತಿರುಗಿ ನೋಡಿದಳು. "ಯಾರೋ ಶಿಳ್ಳಿ ಹೊಡ್ಯಾಕತ್ತಾರ್ರಿ, ನಿಲ್ಲಸ್ರಿ." ನಿಲ್ಲಿಸಿದರೆ ಶಿಳ್ಳೆಯೂ ನಿಂತಿತು. ಹೊರಟರೆ ಮತ್ತೆ. ಗಾಳಿ ದೀಪಗಳ ಸಂದಿಯಲ್ಲಿ ನುಗ್ಗಿ ಕೂಗುತ್ತಿತ್ತು. ಕಲ್ಯಾಣ ಮುಟ್ಟುವ ತನಕ ದಾರಿಯಲ್ಲಿ ದನ ಕಾಯುವವರೆಲ್ಲ ನಮ್ಮನ್ನೇ ನೋಡಿದರು. ನಾನು ದೀಪ ನೋಡುತ್ತಿದ್ದಾರೆ ಎಂದುಕೊಂಡೆ.

ರೇವಣಸಿದ್ದಪ್ಪ ಅಂಗಡಿಯಿಂದ ಇಳಿದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಅವನ ಮುಖದಲ್ಲಿ ಎಲ್ಲಾದರೂ ಒಂದು ಗೆರೆ ಬಿಗಿಯಾದೀತು ಎಂದು ಕಾದೆ. ಆಗಲಿಲ್ಲ. "ಭಾಳ ಚಲೋ ಮಾಡೀರಿ ಅಣ್ಣಾ! ಆರು!" ಎಂದು ಹಲ್ಲು ಬಿಟ್ಟು ನಕ್ಕ. "ನಿಮ್ಮದು ಬಿಳಿ ಬಾನೆಟ್ ನೋಡ್ರಿ, ಬೆಳಕು ಅದರ ಮ್ಯಾಲ ಬಿದ್ದು ಹೊಳ್ಳಿ ಕಣ್ಣಿಗಿ ಹೊಡೀತದ. ದೀಪ ಒಂದು ಗೇಣು ಹಿಂದಕ್ಕ ಸರಸ್ರಿ. ಮತ್ತ ಸಂದ್ಯಾಗ ರಬ್ಬರ್ ಕೊಟ್ರ ಶಿಳ್ಳಿ ನಿಲ್ತದ." ಅಷ್ಟು ಹೇಳಿ ಬಾನೆಟ್ ಕಡೆ ಕೈ ಹಾಕಿದ. "ರಿಲೇ ಎಲ್ಲಿ ಕೂಡಸೀರಿ?"

ಬಾನೆಟ್ಟಿನ ಮೇಲೆ ನಾನು ಅಂಗೈ ಊರಿದೆ. "ಒಳಗದ. ಹಾಕೀನಿ."

"ಹಾಕೀರಿಲ್ಲೋ? ಹಂಗಾದ್ರ ಚಿಂತಿಲ್ಲ" ಎಂದು ಅವನು ಚಹಾ ಹೇಳಲು ಹೋದ.

ಎರಡು ಶಬ್ದದ ಸುಳ್ಳು. ಹೇಳುವಾಗ ಅದಕ್ಕೆ ಭಾರವೇ ಇರಲಿಲ್ಲ.

ನಮ್ಮ ಅತ್ತೆ ಕಾಶೀಬಾಯಿ ಇರುವುದು ಬೇಮಳಖೇಡದಲ್ಲಿ. ಅವಳನ್ನು ಹೇಗೆ ವರ್ಣಿಸಲಿ? ಎಂಟು ಎಕರೆ ಹೊಲ, ಮೂರು ಎಮ್ಮೆ, ಆಳುಕಾಳು, ಎಲ್ಲವೂ ಅವಳ ಒಂದು ಗದರಿಕೆಯ ಮೇಲೆ ನಡೆಯುತ್ತವೆ. ಬಿತ್ತುವ ದಿನ, ಕೊಯ್ಯುವ ದಿನ ಊರಿನ ಗಂಡಸರು ಅವಳನ್ನು ಕೇಳಿಕೊಂಡು ಹೋಗುತ್ತಾರೆ. ಅಕ್ಟೋಬರಿನಲ್ಲಿ ಸೋಯಾ ಕೊಯ್ದು ಬಣವೆ ಒಟ್ಟಿ, ರಾಶಿ ಮಾಡುವ ಮಷಿನ್ನಿಗೆ ಹೇಳಿ ಕೂತಿದ್ದಳು. ಹಬ್ಬಕ್ಕೆಂದು ಹೋಗಿದ್ದ ಶಾರದಾ ಮತ್ತು ಮಹಾದೇವಿ ಇಬ್ಬರೂ ಅಲ್ಲೇ ಇದ್ದರು. ಮಷಿನ್ನು ಬೇರೆಯವರ ಹೊಲದಲ್ಲಿ ಕೆಟ್ಟು ನಿಂತು, ಮುಂಜಾನೆ ಬರಬೇಕಾದ್ದು ಸಂಜೆ ನಾಲ್ಕಕ್ಕೆ ಬಂತು. ಐದೂವರೆಗೆ ಅತ್ತೆಯ ಫೋನು.

"ಮಾಸ್ತರ್ರ, ಪಡುವಲ ಮೋಡ ಕಟ್ಟ್ಯಾದ. ಕರೆಂಟ್ ಹೋಗ್ಯಾದ. ಅರ್ಧ ಬಣವಿನೂ ಆಗಿಲ್ಲ. ನೀವಿಬ್ಬರೂ ಅಳಿಯಂದಿರು ತಲಿ ಮ್ಯಾಲ ದೀಪ ಹೊತ್ಕೊಂಡು ತಿರಗ್ತೀರಲ್ಲ, ಈಗ ತಗೊಂಡು ಬರ್ರಿ."

ರೇವಣಸಿದ್ದಪ್ಪ ಅವತ್ತು ಏನೋ ಕೆಲಸಕ್ಕೆ ಅಲ್ಲೇ ಹತ್ತಿರದ ಚಿಟಗುಪ್ಪಕ್ಕೆ ಬಂದಿದ್ದನಂತೆ. ನಾನು ಮುಟ್ಟುವಷ್ಟರಲ್ಲಿ ಅವನ ನೀಲಿ ಗಾಡಿ ಮಷಿನ್ನಿನ ಎಡಕ್ಕೆ, ಕಾಳು ಬೀಳುವ ಬದಿಗೆ ನಿಂತಿತ್ತು. ನಾನು ಬಲಕ್ಕೆ, ಬಣವೆಯ ಬದಿಗೆ ನಿಲ್ಲಿಸಿದೆ. ಕತ್ತಲಿಳಿಯುತ್ತಿತ್ತು. ಆರೂ ದೀಪ ಹಚ್ಚಿದೆ. ಅತ್ತೆ ಸೆರಗು ಅಡ್ಡ ಹಿಡಿದು "ಅಬಬಾ! ಹಗಲಾತಲ್ರಿ ಮಾಸ್ತರ್ರ!" ಎಂದಳು. ಸುಳ್ಳೇಕೆ ಹೇಳಲಿ, ಆ ಕ್ಷಣಕ್ಕೆ ನಾನು ನಾಲ್ಕು ತಿಂಗಳಿಂದ ಹಸಿದಿದ್ದೆ. ರೇವಣಸಿದ್ದಪ್ಪನ ಕಡೆ ನೋಡಿದೆ. ಅವನು ಚೀಲ ಹಿಡಿದು ಕಾಳು ತುಂಬುತ್ತಿದ್ದ, ಕೇಳಿಸಿಕೊಂಡಿರಲೇ ಇಲ್ಲ.

ಆಳುಗಳು ಸಾಲದೆ ಮನೆಯವರೂ ಕೈ ಹಚ್ಚಿದ್ದರು. ಶಾರದಾ ಮಷಿನ್ನಿನ ಬಾಯಿಯ ಹತ್ತಿರ ನಿಂತು ಸೋಯಾದ ಕಂತೆ ಎತ್ತಿ ಎತ್ತಿ ಒಳಗೆ ದೂಡುತ್ತಿದ್ದಳು. ಹಸಿರು ಬಳೆ ತುಂಬಿದ ಕೈ. ನಾನು ಅವಳಿಗೆ ಕಂತೆ ತಂದುಕೊಡುತ್ತಿದ್ದೆ. ಮಷಿನ್ನಿನ ಗದ್ದಲದಲ್ಲಿ ಮಾತಿಲ್ಲ. ಪಡುವಣದಲ್ಲಿ ಒಂದು ಸಲ ಮಿಂಚಿತು. ಮುಕ್ಕಾಲು ಗಂಟೆ ಕಳೆದಿರಬೇಕು. ನನ್ನ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಂತು. ಮಷಿನ್ನಿನ ಪಟ್ಟಿ ಇರಬೇಕು ಎಂದುಕೊಂಡೆ. ಅಲ್ಲ ಎಂದು ನನ್ನೊಳಗೆ ಯಾರೋ ಹೇಳಿದರು. ಅವರ ಮಾತನ್ನು ಕೇಳದೆ ಇನ್ನೊಂದು ಕಂತೆ ಎತ್ತಿದೆ.

ಆರೂ ದೀಪ ಒಮ್ಮೆಲೇ ಆರಿದವು. ಹೆಡ್‌ಲೈಟೂ ಹೋಯಿತು. ಆಚೆ ಬದಿಯ ರೇವಣಸಿದ್ದಪ್ಪನ ಬೆಳಕಿಗೆ ಮಷಿನ್ನು ಅಡ್ಡ. ಅಷ್ಟು ಬೆಳಕಿನಿಂದ ಒಮ್ಮೆಲೇ ಕತ್ತಲಾದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಶಾರದಾಳ ಚೀರು ಕೇಳಿಸಿತು. ಬಳೆ ಒಡೆದ ಸಪ್ಪಳ ಅದಕ್ಕಿಂತ ಮೊದಲು ಕೇಳಿಸಿತ್ತು.

"ಬಂದ್ ಮಾಡೋ! ಮಷಿನ್ ಬಂದ್ ಮಾಡೋ!" ಎಂದು ರೇವಣಸಿದ್ದಪ್ಪ ಕೂಗಿದ. ಕೂಗುತ್ತಲೇ ಕಾಳಿನ ರಾಶಿ ತುಳಿದು ಓಡಿಬಂದು ಶಾರದಾಳ ಭುಜ ಹಿಡಿದು ಹಿಂದಕ್ಕೆ ಎಳೆದ. ನಾನು? ನಾನು ಎರಡು ಕೈಯಲ್ಲಿ ಕಂತೆ ಹಿಡಿದು ನಿಂತಿದ್ದೆ. ಮಷಿನ್ನು ತಿರುಗಿಸುತ್ತಿದ್ದ ಟ್ರ್ಯಾಕ್ಟರು ಕೆಮ್ಮಿ ನಿಂತಿತು.

ಕತ್ತಲೆಯಲ್ಲಿ ಅಂದಾಜು ತಪ್ಪಿ ಅವಳ ಕೈ ಮಷಿನ್ನಿನ ಬಾಯಿಯ ತಗಡಿನ ಅಂಚಿಗೆ ಬಡಿದಿತ್ತು. ಒಂದು ಗೇಣು ಮುಂದೆ ಹೋಗಿದ್ದರೆ ಹಲ್ಲುಗಳು. ಆ ಒಂದು ಗೇಣಿನ ಬಗ್ಗೆ ನಾನು ಇವತ್ತಿಗೂ ಹೆಚ್ಚು ಹೊತ್ತು ಯೋಚಿಸುವುದಿಲ್ಲ. ಮುಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಅತ್ತೆ ಅರಿಶಿನ ಒತ್ತಿ, ತನ್ನ ಸೆರಗು ಹರಿದು ಬಿಗಿದು ಕಟ್ಟಿದಳು.

"ಅಕ್ಕಾನ್ನ ಮೊದಲ ದವಾಖಾನಿಗಿ ಒಯ್ಯೋಣು" ಎಂದ ರೇವಣಸಿದ್ದಪ್ಪ.

ಶಾರದಾ ಅವನ ದೀಪಗಳ ಕಡೆ ನೋಡಿದಳು. ಉಳಿದಿದ್ದ ಬೆಳಕು ಅದೊಂದೇ. ಉಳಿದಿದ್ದ ಗಾಡಿಯೂ ಅದೊಂದೇ. "ನಿಮ್ಮ ಗಾಡಿ ಹೋತಂದ್ರ ಇಲ್ಲಿ ಕತ್ತಲ. ಮಳಿ ಬಂದ್ರ ನಮ್ಮವ್ವನ ಇಡೀ ಹಂಗಾಮು ನೀರಾಗ ಹೋಗ್ತದ. ರಕ್ತ ನಿಂತದ. ಅರ್ಧ ತಾಸಿನ ಕೆಲಸ, ಮುಗಸ್ರಿ" ಎಂದು ಬದುವಿನ ಮೇಲೆ ಕೂತಳು. ಅತ್ತೆ ಏನೋ ಹೇಳಹೋದರೆ "ಅವ್ವಾ, ನಿನ್ನ ಮಗಳಿದ್ದೀನಿ" ಎಂದಳು. ಮಹಾದೇವಿ ಅಕ್ಕನ ಕೈಯನ್ನು ಮೇಲೆತ್ತಿ ಹಿಡಿದು ಪಕ್ಕದಲ್ಲಿ ಕೂತಳು.

ರೇವಣಸಿದ್ದಪ್ಪ ತನ್ನ ಗಾಡಿಯನ್ನು ಓರೆಯಾಗಿ ತಂದು ನಿಲ್ಲಿಸಿದ. ಎರಡು ದೀಪ ಬಣವೆಗೆ, ಎರಡು ಕಾಳಿಗೆ. ನಂತರ ಮೊಬೈಲಿನ ಬೆಳಕು ಹಿಡಿದು ನನ್ನ ಬಾನೆಟ್ ಎತ್ತಿದ. ನಾನು ತಡೆಯಲಿಲ್ಲ. ಒಳಗೆ ವೈರುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ ಕರ್ರಗೆ ಮುದ್ದೆಯಾಗಿದ್ದವು. ರಿಲೇ ಇರಬೇಕಾದ ಜಾಗ ಖಾಲಿ. ತಾಮ್ರದ ಹುರಿ ಮಾತ್ರ ಹಾಗೇ ಇತ್ತು, ಏನೂ ಅರಿಯದ ಹಾಗೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಕಣ್ಣು ಕೆಳಗೆ ಹಾಕಿದೆ.

"ಏನಾತು ಮಾಸ್ತರ್ರ ದೀಪಕ್ಕ?" ಅತ್ತೆ ಆಚೆಯಿಂದ ಕೇಳಿದಳು.

"ಇಲಿ ಕಡದದ್ರೀ ಅತ್ತೀ" ಎಂದು ರೇವಣಸಿದ್ದಪ್ಪ ಬಾನೆಟ್ ಮುಚ್ಚಿದ. "ವೈರು ಕಡದು ಇಟ್ಟಾವ. ಮಾಸ್ತರ್ರದೇನು ತಪ್ಪಿಲ್ಲ."

ಕೇಳಿ, ಇದು ನಾನು ಹೇಳಲೇಬೇಕಾದ ಮಾತು. ಹೆಂಡತಿ ರಕ್ತ ಸುರಿಸುತ್ತ ಕೂತಿದ್ದಾಳೆ, ತಪ್ಪು ನನ್ನದು, ಈ ಮನುಷ್ಯ ನನ್ನ ಮಾನ ಮುಚ್ಚಿದ್ದಾನೆ. ಆ ಹೊತ್ತಿನಲ್ಲೂ ನನಗನಿಸಿದ್ದು: ದೀಪದಲ್ಲಿ ಮೇಲು, ಓಡುವುದರಲ್ಲಿ ಮೇಲು, ಈಗ ಒಳ್ಳೆಯತನದಲ್ಲೂ ಇವನೇ ಮೇಲು. ಅದು ಕೃತಜ್ಞತೆಯಲ್ಲ. ಉರಿ. ಉಳಿದ ಎರಡೂ ಉರಿಗಳಿಗಿಂತ ದೊಡ್ಡ ಉರಿ.

ಮುಂದಿನ ಅರ್ಧ ತಾಸು ಶಾರದಾಳ ಜಾಗದಲ್ಲಿ ನಿಂತು ನಾನು ಕಂತೆ ದೂಡಿದೆ. ಕಡೆಯ ಚೀಲದ ಬಾಯಿ ಕಟ್ಟಿ ತಾಡಪತ್ರಿ ಹೊದಿಸುವಾಗ ಮೊದಲ ಹನಿ ಬಿತ್ತು. ಅತ್ತೆ ಊರಲ್ಲೇ ಉಳಿದಳು, ನಾವು ನಾಲ್ವರೂ ರೇವಣಸಿದ್ದಪ್ಪನ ಗಾಡಿ ಹತ್ತಿದೆವು. ಹುಮನಾಬಾದಿನ ಡಾಕ್ಟರು ಏಳು ಹೊಲಿಗೆ ಹಾಕಿದರು. ನರಕ್ಕೆ ತಾಗಿಲ್ಲ, ಪುಣ್ಯ ಎಂದರು. ಗುಳಿಗೆ ತರಲು ರೇವಣಸಿದ್ದಪ್ಪ, ಮಹಾದೇವಿ ಹೊರಗೆ ಹೋದಾಗ ದವಾಖಾನೆಯ ಬೆಂಚಿನ ಮೇಲೆ ನಾನು, ಶಾರದಾ ಇಬ್ಬರೇ.

"ಇಲಿ ಅಲ್ಲ" ಎಂದೆ.

"ಗೊತ್ತದ."

"ಹ್ಯಾಂಗ?"

"ಸ್ಟೂಲ್ ಹಿಡದು ನಿಂತಿದ್ದು ಯಾರು? ಎರಡು ಸಲ ಫ್ಯೂಜ್ ಹಾರಿದ್ದು ನಾ ನೋಡಿಲ್ಲೇನು?" ಕೈ ನೋವಿಗೆ ಮುಖ ಹಿಂಡಿದಳು. "ಮಹಬೂಬ್ ಭಾಯಿ ಕಡಿಂದ ಯಾಕ ಮಾಡಸಲಿಲ್ಲ?"

"ರೇವಣಸಿದ್ದಪ್ಪ ತಾನೇ ಮಾಡಿದ್ದ. ಅವತ್ತು ಅವನ ದೀಪ ನೋಡಿ ನೀ ಎಷ್ಟ್ ಚಂದ ಅಂದಿ."

ಶಾರದಾ ನನ್ನನ್ನು ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು. "ನಾ ಯಾವಾಗ ಅಂದೆ?" ಎಂದು ಕೇಳಿದಳು.

ನಾಲ್ಕು ತಿಂಗಳು ನಾನು ಹೊಟ್ಟೆಯಲ್ಲಿಟ್ಟು ಸಾಕಿದ ಮಾತು ಅವಳಿಗೆ ನೆನಪೇ ಇರಲಿಲ್ಲ.

ಮರುದಿನ ಅತ್ತೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಮುಂಜಾನೆನೇ ಬಾನೆಟ್ ತೆಗಸಿ ನೋಡೀನಿ, ಮಾಸ್ತರ್ರ. ಇಲಿ ಕಡದ್ರ ವೈರು ಸುಡತದೇನು? ನೀವು ಹೇಳ್ತೀರೋ ಇಲ್ಲೋ ಅಂತ ಕುಂತಿದ್ದೆ. ಹೇಳಿದ್ರಿ, ಚಲೋ ಆತು. ನನ್ನ ಮಗಳ ಬಲಗೈ ಅದು. ಅದು ನೆಟ್ಟಗ ಆಗೋ ತನಕ ಆ ಕೈ ಮಾಡೋ ಕೆಲಸ ನಿಮ್ಮದು." ಫೋನು ಇಟ್ಟುಬಿಟ್ಟಳು.

ಆ ಕೈ ಮಾಡುವ ಕೆಲಸ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಗಾಡಿಯನ್ನು ಮಹಬೂಬ್ ಭಾಯಿ ಎಳೆದುತಂದು ವೈರು ಬದಲಿಸಿ, ರಿಲೇ ಹಾಕಿ, ಎರಡೇ ದೀ‍ಪ ಉಳಿಸಿ ಕೊಟ್ಟ. ನಾನು ಎದುರು ಮಾತಾಡಲಿಲ್ಲ. ನನಗೆ ಪುರಸೊತ್ತೂ ಇರಲಿಲ್ಲ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಇಲ್ಲದೆ ಊಟವಿಲ್ಲ. ಶಾರದಾ ಗೋಡೆಗೆ ಒರಗಿ ಕೂತು, ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಹೇಳಿಕೊಡುತ್ತಿದ್ದಳು: ನೀರು ಕುದಿಯಲಿ, ಈಗ ಹಿಟ್ಟು, ನಾದ್ರಿ, ಇನ್ನೂ ನಾದ್ರಿ, ಹಂಗ ಜೋರಾಗಿ ಬಡೀಬ್ಯಾಡ್ರಿ, ಅದೇನು ಹುಡುಗ್ರ ಬೆನ್ನಲ್ಲ. ಮೊದಲ ದಿನದವು ರೊಟ್ಟಿಯಲ್ಲ, ನಕಾಶೆ. ಎರಡನೆಯ ವಾರಕ್ಕೆ ಅಂಚು ಹರಿಯುವುದು ನಿಂತಿತು. ಮೂರನೆಯ ವಾರ ಒಂದು ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿತು. ನಾನು ಕೂಗಿದ ಕೂಗಿಗೆ ಎದುರು ಮನೆಯವರು ಬಂದು ನೋಡಿಹೋದರು.

ಅದೇ ವಾರ ರೇವಣಸಿದ್ದಪ್ಪ ಮತ್ತು ಮಹಾದೇವಿ ಶಾರದಾಳನ್ನು ನೋಡಲು ಕಲ್ಯಾಣದಿಂದ ಬಂದರು. ಅತ್ತೆಗೆ ನಾನು ನಿಜ ಹೇಳಿದ್ದು ಅವನಿಗೂ ಮುಟ್ಟಿತ್ತು. "ಯಾಕ ಹೇಳಾಕ ಹೋದ್ರಿ ಅಣ್ಣಾ, ಇಲಿ ಮ್ಯಾಲೇ ಇರ್ತಿತ್ತು" ಎಂದು ನಕ್ಕ. "ನಿನ್ನ ಉಪಕಾರ ಮರಿಯೂದಿಲ್ಲ" ಎಂದೆ. ಹೇಳಲು ಕಷ್ಟವಾಯಿತು, ಆದರೂ ಹೇಳಿದೆ.

ಊಟಕ್ಕೆ ಕೂಡಿಸಿದೆ. ಪುಂಡಿಪಲ್ಯ, ಶೇಂಗಾದ ಹಿಂಡಿ, ಬಿಸಿ ರೊಟ್ಟಿ. ಹಂಚಿನಿಂದ ತೆಗೆದದ್ದನ್ನು ಸೀದಾ ಅವರ ತಾಟಿಗೆ ಹಾಕುತ್ತಿದ್ದೆ. ಮಹಾದೇವಿ ಮೊದಲ ತುತ್ತು ಬಾಯಿಗಿಟ್ಟವಳು ನಿಂತಳು.

"ಅಕ್ಕಾ, ಕೈ ನೆಟ್ಟಗ ಆತೇನು? ಯಾಕ ರೊಟ್ಟಿ ಬಡದಿ?"

"ನಾ ಎಲ್ಲಿ ಬಡದೆ? ನಿಮ್ಮ ಮಾಮಾ ಮಾಡ್ಯಾರ. ಮೂರು ವಾರದಿಂದ ಅವರೇ ಮಾಡಾಕತ್ತಾರ."

ಮಹಾದೇವಿ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೋಡ್ರಿ. ಚಂದ್ರನಂಗ ದುಂಡಗ. ನಿಮಗ ಕುಡ್ಯಾಕ ನೀರೂ ನಾನೇ ಕೈಗಿ ಕೊಡಬೇಕು. ಲಗ್ನಾಗಿ ಹನ್ನೊಂದು ವರ್ಷಾತು, ಒಂದು ದಿನಾರ ಒಲಿ ಮುಂದ ಕುಂತೀರೇನು? ಗಾಡಿ ಮ್ಯಾಲ ದೀಪ ಕೂಡಸಾಕ ಎರಡು ಐತವಾರ ಸಿಕ್ಕಾವ." ಅಷ್ಟಕ್ಕೇ ನಿಲ್ಲಿಸಲಿಲ್ಲ. ಶಾರದಾ ಎಷ್ಟು ಪುಣ್ಯವಂತೆ ಎಂಬುದನ್ನು ಎರಡು ರೊಟ್ಟಿ ಮುಗಿಯುವವರೆಗೂ ಹೇಳಿದಳು.

ರೇವಣಸಿದ್ದಪ್ಪ ಸಾಮಾನ್ಯವಾಗಿ ತಲೆ ತಗ್ಗಿಸಿ ಹಾಯಾಗಿ ಉಣ್ಣುವವನು ಅವತ್ತು ತುತ್ತು ಕೈಯಲ್ಲೇ ಹಿಡಿದು ನನ್ನ ಕೈ ನೋಡುತ್ತಿದ್ದ, ನಾನು ರೊಟ್ಟಿ ಬಡಿಯುವ ಕೊಣಮಿಗೆಯ ಮೇಲೆ ಹಿಟ್ಟು ತಿರುಗಿಸುವುದನ್ನು. ಅವನ ದವಡೆಯ ಹತ್ತಿರ ಒಂದು ಗೆರೆ ಬಿಗಿಯಾಗಿತ್ತು.

"ಅಣ್ಣಾ" ಎಂದ, ಸಹಜವಾಗಿ ಕೇಳಿದ ಹಾಗೆ, "ಇದನ್ನ ಕಲಿಯಾಕ ಎಷ್ಟು ದಿನ ಹಿಡೀತದ್ರಿ?"

ಅವನು ನನ್ನ ಹೆಂಡತಿಯ ಕೈ ಉಳಿಸಿದವನು. ನನ್ನ ಮಾನ ಮುಚ್ಚಿದವನು. ಅವನ ಆ ಮುಖ ನೋಡಿ ನನಗೆ ಪಾಪ ಅನಿಸಬೇಕಿತ್ತು.

"ಎಲ್ಲರಿಗೂ ಬರೂದಿಲ್ಲಪಾ" ಎಂದು, ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.